ರಾಜನ ಕಡೆಯವರೆಲ್ಲ ಹೊಗಳುಭಟರಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಅಂತರ್ಯುದ್ಧದ ಬಗ್ಗೆ, ಅಂದರೆ 1640ರ ದಶಕದಲ್ಲಿ ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ನಡೆದ ಕಾಳಗದ ಬಗ್ಗೆ, ಬಂದ ಲೇಖನ ಓದಿದೆ. ಚೆನ್ನಾಗಿತ್ತು, ಎಲ್ಲೂ ನಿಲ್ಲದೆ ಓದಿಸಿಕೊಂಡು ಹೋಯಿತು. ಆದರೆ ಲೇಖಕರು ಪಾರ್ಲಿಮೆಂಟಿನ ಕಡೆಯವರೆಲ್ಲ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು, ರಾಜನ ಕಡೆಯವರೆಲ್ಲ ಬಾಲಬಡುಕರು ಅಂತ ಒಂದು ಗೆರೆ ಎಳೆದು ಕೈ ತೊಳೆದುಕೊಂಡಿದ್ದಾರೆ. ವಿಷಯ ಅಷ್ಟು ಸಲೀಸಾಗಿದ್ದಿದ್ದರೆ ಅಪ್ಪ ಒಂದು ಕಡೆ, ಮಗ ಒಂದು ಕಡೆ ನಿಲ್ಲುವ ಪರಿಸ್ಥಿತಿ ಬರ್ತಾನೇ ಇರಲಿಲ್ಲ. ಎಡ್ವರ್ಡ್ ಹೈಡ್ ಹೆಸರು ಇಡೀ ಲೇಖನದಲ್ಲಿ ಒಂದೇ ಸಲ ಬರುತ್ತದೆ. ಅದೂ ‘ರಾಜನ ಆಪ್ತ ಸಲಹೆಗಾರ’ ಅಂತ, ಬಾಲಬಡುಕರ ಪಟ್ಟಿಯಲ್ಲಿ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಜಾಗ ಇಲ್ಲದಿದ್ದರೆ ಕತ್ತರಿಸಿಕೊಳ್ಳಿ. ಆದರೆ ಹಂಸದ ಕತೆ ಮಾತ್ರ ಬಿಡಬೇಡಿ.

ಹೈಡ್ ಹುಟ್ಟಿದ್ದು 1609ರಲ್ಲಿ, ವಿಲ್ಟ್‌ಶೈರ್‌ನ ಡಿಂಟನ್ ಎಂಬ ಹಳ್ಳಿಯಲ್ಲಿ. ಮೂರನೇ ಮಗ. ಆಕ್ಸ್‌ಫರ್ಡ್‌ನಲ್ಲಿ ಓದಿ, ಲಂಡನ್ನಿನ ಮಿಡಲ್ ಟೆಂಪಲ್‌ನಲ್ಲಿ ಕಾನೂನು ಕಲಿತು ವಕೀಲನಾದ. ಮದುವೆಯಾದ ಆರೇ ತಿಂಗಳಿಗೆ ಮೊದಲ ಹೆಂಡತಿ ಸಿಡುಬಿನಿಂದ ತೀರಿಕೊಂಡಳು. 1634ರಲ್ಲಿ ಫ್ರಾನ್ಸೆಸ್ ಐಲ್ಸ್‌ಬರಿಯನ್ನು ಮದುವೆಯಾದ. ಆಕ್ಸ್‌ಫರ್ಡ್ ಹತ್ತಿರದ ಗ್ರೇಟ್ ಟ್ಯೂ ಎಂಬಲ್ಲಿ ಅವನ ಗೆಳೆಯ ಲಾರ್ಡ್ ಫಾಕ್‌ಲ್ಯಾಂಡ್‌ನ ಮನೆಯಿತ್ತು. ಅಲ್ಲಿ ಓದುಬರಹದ ಗೆಳೆಯರೆಲ್ಲ ಸೇರಿ ದಿನಗಟ್ಟಲೆ ಧರ್ಮ, ತರ್ಕ ಅಂತ ಚರ್ಚೆ ಮಾಡುತ್ತಿದ್ದರು. ಅರಮನೆಗೂ ಈ ಬಳಗಕ್ಕೂ ದೂರ ದೂರ.

ಒಂದನೇ ಚಾರ್ಲ್ಸ್ 11 ವರ್ಷ ಪಾರ್ಲಿಮೆಂಟೇ ಕರೆಯದೆ ಆಳಿದ. ಕೊನೆಗೆ 1640ರ ಏಪ್ರಿಲ್‌ನಲ್ಲಿ, ಸ್ಕಾಟ್ಲೆಂಡಿನ ಜೊತೆ ಯುದ್ಧಕ್ಕೆ ದುಡ್ಡು ಸಾಲದೆ, ಕರೆಯಲೇಬೇಕಾಯಿತು. ಹೈಡ್ ಮೊದಲ ಸಲ ಸದಸ್ಯನಾಗಿದ್ದು ಆಗಲೇ. ಹೋದವನು ಮೊದಲು ಕೈ ಹಾಕಿದ್ದು ಯಾವುದಕ್ಕೆ ಗೊತ್ತಾ? ಅರ್ಲ್ ಮಾರ್ಷಲ್‌ನ ನ್ಯಾಯಾಲಯಕ್ಕೆ. ದೊಡ್ಡ ಮನೆತನಗಳ ಲಾಂಛನ, ಗೌರವ ಇತ್ಯಾದಿ ಕಾಯುವುದಕ್ಕೆ ಅಂತ ಇದ್ದ ಕೋರ್ಟು ಅದು. ಹೈಡ್ ಸಭೆಯಲ್ಲಿ ಹೇಳಿದ ಪ್ರಕರಣ ಹೀಗಿದೆ. ಥೇಮ್ಸ್ ನದಿಯ ದೋಣಿಯವನೊಬ್ಬ ಒಬ್ಬ ವ್ಯಾಪಾರಿಯ ಹತ್ತಿರ ಜಾಸ್ತಿ ಬಾಡಿಗೆ ಕೇಳಿದ. ದೋಣಿಯವನು ದೊಡ್ಡ ಮನೆತನದ ಒಬ್ಬ ಅರ್ಲ್‌ನ ಸೇವಕ, ಅಂಗಿಯ ಮೇಲೆ ಒಡೆಯನ ಲಾಂಛನವಾದ ಹಂಸದ ಬಿಲ್ಲೆ ಇತ್ತು. ಅದನ್ನು ತೋರಿಸಿ ಜೋರು ಮಾಡಿದ. ರೇಗಿದ ವ್ಯಾಪಾರಿ, ‘ನಿನ್ನ ಬಾತುಕೋಳಿ ಎತ್ತಿಕೊಂಡು ನಡಿಯೋ’ ಅನ್ನುವ ಅರ್ಥದಲ್ಲಿ ಏನೋ ಅಂದ. ಅಷ್ಟೇ. ಅರ್ಲ್‌ನ ಲಾಂಛನಕ್ಕೆ ಅವಮಾನ ಅಂತ ಕೇಸಾಯಿತು, ಆಸ್ತಿ ಕರಗುವಷ್ಟು ದಂಡ ಬಿತ್ತು, ಮನುಷ್ಯ ಜೈಲಿಗೂ ಹೋದ. ಹಂಸವನ್ನು ಬಾತು ಅಂದ ತಪ್ಪಿಗೆ! ಇದನ್ನು ಎತ್ತಿ ಆಡಿದವನು ನಿಮ್ಮ ಲೇಖನದ ‘ಬಾಲಬಡುಕ’.

ಆ ಪಾರ್ಲಿಮೆಂಟನ್ನು ರಾಜ ಮೂರು ವಾರದಲ್ಲೇ ಮನೆಗೆ ಕಳಿಸಿದ. ನವೆಂಬರ್‌ನಲ್ಲಿ ಮತ್ತೆ ಕರೆದ. ಈ ಸಲ ಕಾರ್ನ್‌ವಾಲ್‌ನ ಸಾಲ್ಟಾಷ್‌ನಿಂದ ಗೆದ್ದು ಬಂದ ಹೈಡ್ ವಕಾಲತ್ತನ್ನು ಹೆಚ್ಚುಕಡಿಮೆ ಬದಿಗಿಟ್ಟು ಇದೇ ಕೆಲಸಕ್ಕೆ ನಿಂತ. ಅರ್ಲ್ ಮಾರ್ಷಲ್‌ನ ಕೋರ್ಟಿನ ಮೇಲೆ ಮತ್ತೆ ಬಿದ್ದ. ಯಾರ್ಕ್‌ನಲ್ಲಿ ಕೂತು ಉತ್ತರದ ಜಿಲ್ಲೆಗಳನ್ನು ಮನಬಂದಂತೆ ಆಳುತ್ತಿದ್ದ ಕೌನ್ಸಿಲ್ ಆಫ್ ದಿ ನಾರ್ತ್‌ನ ವಿಚಾರಣಾ ಸಮಿತಿಗೆ ಅವನೇ ಅಧ್ಯಕ್ಷ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ರಾಜ ವಸೂಲಿ ಮಾಡುತ್ತಿದ್ದ ಹಡಗು ತೆರಿಗೆ ಸರಿ ಅಂತ ತೀರ್ಪು ಕೊಟ್ಟ ನ್ಯಾಯಾಧೀಶರನ್ನು ಕಟಕಟೆಗೆ ಎಳೆಯುವ ಕೆಲಸದಲ್ಲೂ ಅವನಿದ್ದ. ಪಾರ್ಲಿಮೆಂಟಿನ ಸದಸ್ಯ ಜಾನ್ ಹ್ಯಾಂಪ್ಡನ್ 20 ಶಿಲಿಂಗ್ ಕಟ್ಟಲ್ಲ ಅಂತ ಹಠ ಹಿಡಿದು, ನ್ಯಾಯಾಧೀಶರ 7–5 ಮತದಲ್ಲಿ ಸೋತ ಕೇಸು ಇದೆಯಲ್ಲ, ಅದೇ ತೆರಿಗೆ. ರಾಜನ ಬಲಗೈ ಸ್ಟ್ರಾಫರ್ಡ್‌ನನ್ನು ಕೊಲ್ಲಲು ತಂದ ಮಸೂದೆಗೆ ವಿರುದ್ಧ ಮತ ಹಾಕಿದ 59 ಜನರ ಹೆಸರನ್ನು ಲಂಡನ್ನಿನಲ್ಲಿ ಬಹಿರಂಗವಾಗಿ ಅಂಟಿಸಿದ್ದರು. ಆ ಪಟ್ಟಿಯಲ್ಲಿ ಹೈಡ್ ಇಲ್ಲ.

ಹಾಗಾದರೆ ಅವನು ಯಾವಾಗ ಕಡೆ ಬದಲಿಸಿದ? ಬದಲಿಸಿದನಾ ಅನ್ನುವುದೇ ಪ್ರಶ್ನೆ. 1641ರ ಬೇಸಿಗೆಯ ಹೊತ್ತಿಗೆ ರಾಜನ ವಿಶೇಷ ನ್ಯಾಯಾಲಯ ಸ್ಟಾರ್ ಚೇಂಬರ್ ಹೋಯಿತು, ಚರ್ಚಿನ ನ್ಯಾಯಾಲಯ ಹೈ ಕಮಿಷನ್ ಹೋಯಿತು, ಹಡಗು ತೆರಿಗೆ ಅಕ್ರಮ ಅಂತಾಯಿತು, ಮೂರು ವರ್ಷಕ್ಕೊಮ್ಮೆಯಾದರೂ ಪಾರ್ಲಿಮೆಂಟು ಸೇರಲೇಬೇಕು ಅಂತ ಕಾಯ್ದೆ ಬಂತು. ಹೈಡ್ ಪ್ರಕಾರ ರೋಗ ವಾಸಿಯಾಗಿತ್ತು, ಇನ್ನು ಔಷಧಿ ನಿಲ್ಲಿಸಬೇಕಿತ್ತು. ಪಾರ್ಲಿಮೆಂಟಿನಲ್ಲಿ ರಾಜನ ವಿರೋಧಿಗಳ ಮುಂದಾಳಾಗಿದ್ದ ಪಿಮ್ ಮತ್ತು ಅವನ ಕಡೆಯವರಿಗೆ ಹಾಗನ್ನಿಸಲಿಲ್ಲ. ಈ ರಾಜನ ಮಾತು ನಂಬೋದು ಹೇಗೆ ಅನ್ನುವುದು ಅವರ ಪ್ರಶ್ನೆ. ಅವರ ಅನುಮಾನವೂ ಸುಳ್ಳಲ್ಲ, ಅದನ್ನು ರಾಜನೇ ಆಮೇಲೆ ಸಾಬೀತು ಮಾಡಿದ. ಬಿಷಪ್‌ಗಳನ್ನೇ ಕಿತ್ತುಹಾಕುವ ಮಸೂದೆ ಬಂದಾಗ ಹೈಡ್ ತಿರುಗಿ ನಿಂತ. ಅವನ ಬಾಯಿ ಮುಚ್ಚಿಸಲು ಎದುರಾಳಿಗಳು ಅವನನ್ನೇ ಸಮಿತಿಯ ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿದರು. ಅವನು ಆ ಕುರ್ಚಿಯಲ್ಲೇ ಕೂತು ಮಸೂದೆಯನ್ನು ಎಳೆದೂ ಎಳೆದೂ ಸುಸ್ತು ಮಾಡಿಸಿದ. ವಕೀಲ ಬುದ್ಧಿ ನೋಡಿ!

ಅದೇ ವರ್ಷ ನವೆಂಬರ್ 22ರ ರಾತ್ರಿ ಮಹಾ ದೂರುಪಟ್ಟಿಯ ಮೇಲೆ ಮತದಾನ. ಚಾರ್ಲ್ಸ್ ಪಟ್ಟಕ್ಕೆ ಬಂದಾಗಿನಿಂದ ಆದ ತಪ್ಪುಗಳನ್ನೆಲ್ಲ ಒಂದೊಂದಾಗಿ ಪೋಣಿಸಿದ ಪಟ್ಟಿ ಅದು. ನಡುರಾತ್ರಿ ದಾಟಿ 159–148ರಲ್ಲಿ ಪಾಸಾಯಿತು. 11 ಮತದ ಅಂತರ. ಅದನ್ನು ಜನರಿಗೆ ಹಂಚುವಂತೆ ಅಚ್ಚು ಹಾಕಿಸುವ ಮಾತು ಬಂದಾಗ ಗಲಾಟೆಯೆದ್ದು ಕೆಲವರ ಕೈ ಕತ್ತಿಯ ಹಿಡಿಗೂ ಹೋಯಿತು. ಇದು ಬಿದ್ದುಹೋಗಿದ್ದರೆ ಮರುದಿನ ಬೆಳಿಗ್ಗೆಯೇ ಇದ್ದಬದ್ದದ್ದೆಲ್ಲ ಮಾರಿ ಇಂಗ್ಲೆಂಡ್ ಬಿಟ್ಟೇ ಹೋಗುತ್ತಿದ್ದೆ ಅಂತ ಹೊರಗೆ ಬರುವಾಗ, ಮುಂದೆ ಪಾರ್ಲಿಮೆಂಟಿನ ಸೇನಾನಾಯಕನಾದ ಕ್ರಾಮ್‌ವೆಲ್ ಫಾಕ್‌ಲ್ಯಾಂಡ್‌ನ ಕಿವಿಯಲ್ಲಿ ಹೇಳಿದನಂತೆ. ಇದನ್ನು ಬರೆದಿಟ್ಟವನೂ ಹೈಡೇ. ಆರು ಜನ ಆಚೀಚೆ ಮತ ಹಾಕಿದ್ದರೆ ಇಡೀ ಚರಿತ್ರೆ ಬೇರೆಯಾಗುತ್ತಿತ್ತು ಅನ್ನುವಂಥ ರಾತ್ರಿ. ಇಂಥ ಸಭೆಯನ್ನು ‘ಪ್ರಜೆಗಳು ವರ್ಸಸ್ ಹೊಗಳುಭಟರು’ ಅನ್ನುವುದು ಎಷ್ಟು ಸರಿ?

ಹೈಡ್ ಆ ದೂರುಪಟ್ಟಿಗೆ ಒಂದು ಉತ್ತರ ಬರೆದಿಟ್ಟಿದ್ದ, ಸುಮ್ನೆ ತನ್ನ ಸಮಾಧಾನಕ್ಕೆ. ಅದು ಹೇಗೋ ರಾಜನ ಕಿವಿಗೆ ಬಿತ್ತು. ರಾಜ ಅದನ್ನೇ ತನ್ನ ಉತ್ತರವೆಂದು ಪ್ರಕಟಿಸಿದ. ಅಲ್ಲಿಂದ ಶುರು. 1642ರ ಆರಂಭದಲ್ಲಿ ಫಾಕ್‌ಲ್ಯಾಂಡ್ ಮತ್ತು ಅವರ ಹಾಗೆಯೇ ರಾಜನ ಕಡೆ ವಾಲಿದ್ದ ಸದಸ್ಯ ಕಲ್ಪೆಪರ್ ಮಂತ್ರಿಗಳಾದರು. ಹೈಡ್ ಹುದ್ದೆ ಬೇಡವೆಂದ, ಹೊರಗಿದ್ದೇ ಜಾಸ್ತಿ ಕೆಲಸ ಮಾಡಬಹುದು ಅಂತ. ಮುಂದಿನ ತಿಂಗಳುಗಳಲ್ಲಿ ನಡೆದದ್ದು ಒಂದು ಪತ್ತೇದಾರಿ ಕತೆಯ ಹಾಗಿದೆ. ಹಗಲು ಹೈಡ್ ಪಾರ್ಲಿಮೆಂಟಿನಲ್ಲಿ ಕೂತು ಅಲ್ಲಿನ ಹೇಳಿಕೆಗಳನ್ನು ಕೇಳುತ್ತಿದ್ದ, ಮನೆಗೆ ಹೋಗಿ ಅದಕ್ಕೆ ರಾಜನ ಪರವಾಗಿ ಉತ್ತರ ಬರೆಯುತ್ತಿದ್ದ, ಅದನ್ನು ಗುಟ್ಟಾಗಿ ರಾಜನಿಗೆ ಮುಟ್ಟಿಸುತ್ತಿದ್ದ. ಹೈಡ್‌ನ ಕೈಬರಹ ಯಾರ ಕಣ್ಣಿಗೂ ಬೀಳಬಾರದೆಂದು ರಾಜ ತಾನೇ ಕೂತು ಅದನ್ನೆಲ್ಲ ತನ್ನ ಕೈಯಾರೆ ನಕಲು ಮಾಡುತ್ತಿದ್ದ. ಕೆಲವು ಸಲ ಎರಡು ಮೂರು ದಿನ ಬೇಕಾಗುತ್ತಿತ್ತಂತೆ. ಮೂರು ರಾಜ್ಯಗಳ ದೊರೆ ಗುಮಾಸ್ತನ ಹಾಗೆ ಪ್ರತಿ ತೆಗೆಯುತ್ತಾ ಕೂತಿರೋದನ್ನು ಒಮ್ಮೆ ಊಹಿಸಿಕೊಳ್ಳಿ.

ಆ ಉತ್ತರಗಳಲ್ಲಿ ಏನಿತ್ತು ಅನ್ನುವುದು ಮುಖ್ಯ. ರಾಜ ದೇವರ ಪ್ರತಿನಿಧಿ, ಅವನು ಹೇಳಿದ್ದೇ ಕಾನೂನು ಅನ್ನುವ ಹಳೇ ರಾಗ ಅಲ್ಲಿಲ್ಲ. ರಾಜ ಕಾನೂನಿನ ಪ್ರಕಾರ ನಡೆಯುತ್ತಾನೆ, ಕಾನೂನು ಮುರಿಯುತ್ತಿರುವವರು ನೀವು ಅನ್ನುವುದೇ ವಾದ. ರಾಜನ ಬಾಯಲ್ಲಿ ಇಂಥ ಮಾತು ಬರಿಸಿದ್ದು ಹೈಡ್‌ನ ಸಾಧನೆ ಅಂತ ನನಗನ್ನಿಸುತ್ತದೆ. ತೊಂದರೆ ಏನೆಂದರೆ ರಾಜ ಆ ಮಾತನ್ನು ನಕಲು ಮಾಡಿದನೇ ಹೊರತು ನಂಬಲಿಲ್ಲ. 1642ರ ಜನವರಿ 4ರಂದು ಪಿಮ್, ಹ್ಯಾಂಪ್ಡನ್ ಸೇರಿ ಐವರು ಸದಸ್ಯರನ್ನು ಹಿಡಿಯಲು ಸಿಪಾಯಿಗಳನ್ನು ಕಟ್ಟಿಕೊಂಡು ಪಾರ್ಲಿಮೆಂಟಿಗೇ ನುಗ್ಗಿದ. ಐವರೂ ಮೊದಲೇ ಜಾಗ ಖಾಲಿ ಮಾಡಿದ್ದರು. ಹೈಡ್, ಫಾಕ್‌ಲ್ಯಾಂಡ್, ಕಲ್ಪೆಪರ್ ಮೂವರಿಗೂ ಈ ಸಾಹಸದ ಸುಳಿವೇ ಇರಲಿಲ್ಲ. ಈ ಮೂವರು ಕಟ್ಟಲು ಹೊರಟಿದ್ದನ್ನು ರಾಜ ಒಂದೇ ಮಧ್ಯಾಹ್ನದಲ್ಲಿ ಕೆಡವಿದ.

ಹಾಗಿದ್ದೂ ಯಾಕೆ ಬಿಟ್ಟು ಹೋಗಲಿಲ್ಲ ಅಂದರೆ, ಒಬ್ಬೊಬ್ಬರಿಗೆ ಒಂದೊಂದು ಕಾರಣ. ಹೈಡ್‌ಗೆ ಚರ್ಚು ಮತ್ತು ಕಾನೂನು. ಸರ್ ಎಡ್ಮಂಡ್ ವರ್ನಿಯ ಕತೆ ಬೇರೆ. ರಾಜನ ಧ್ವಜ ಹಿಡಿಯುವ ಕೆಲಸ ಅವನದು. ಬಿಷಪ್‌ಗಳ ಮೇಲೆ ನನಗೇನೂ ಗೌರವ ಇಲ್ಲ, ರಾಜ ಪಾರ್ಲಿಮೆಂಟಿನ ಬೇಡಿಕೆಗೆ ಒಪ್ಪಿದ್ದರೆ ಚೆನ್ನಾಗಿತ್ತು, ಆದರೆ ಸುಮಾರು 30 ವರ್ಷ ಅವನ ಅನ್ನ ತಿಂದಿದ್ದೇನೆ, ಈಗ ಕೈಬಿಡುವ ಹೀನ ಕೆಲಸ ಮಾಡಲಾರೆ ಅಂತ ವರ್ನಿ ಹೈಡ್‌ಗೆ ಹೇಳಿದ. 1642ರ ಅಕ್ಟೋಬರ್ 23ರಂದು ಎಡ್ಜ್‌ಹಿಲ್‌ನಲ್ಲಿ ನಡೆದ ಯುದ್ಧದಲ್ಲಿ ಧ್ವಜ ಕೈಯಲ್ಲಿದ್ದಂತೆಯೇ ಸತ್ತ. ಮಗ ರಾಲ್ಫ್ ಪಾರ್ಲಿಮೆಂಟಿನ ಕಡೆ ಇದ್ದ. ಫಾಕ್‌ಲ್ಯಾಂಡ್ ಇನ್ನೂ ಪಾಪ. ಗೆಳೆಯರ ನಡುವೆ ಮಾತಿಲ್ಲದೆ ಕೂತು, ಇದ್ದಕ್ಕಿದ್ದಂತೆ ‘ಶಾಂತಿ, ಶಾಂತಿ’ ಅಂತ ಕೂಗುತ್ತಿದ್ದನಂತೆ. 1643ರ ಸೆಪ್ಟೆಂಬರ್ 20ರಂದು ನ್ಯೂಬರಿಯ ಯುದ್ಧದಲ್ಲಿ, ಎರಡೂ ಬದಿ ಬೇಲಿಯ ಹಿಂದೆ ಬಂದೂಕಿನವರು ಕೂತಿದ್ದ ಕಡೆಗೇ ಕುದುರೆ ಓಡಿಸಿ ಪ್ರಾಣ ಬಿಟ್ಟ. ಇನ್ನೂ 35 ಆಗಿರಲಿಲ್ಲ. ಹೈಡ್ ಆ ಸಾವಿನಿಂದ ಕೊನೆವರೆಗೂ ಚೇತರಿಸಿಕೊಳ್ಳಲಿಲ್ಲ ಅನ್ನುವುದು ಅವನ ಬರಹ ಓದಿದರೆ ತಿಳಿಯುತ್ತದೆ.

ಹೈಡ್ ಕತ್ತಿ ಹಿಡಿದವನಲ್ಲ. 1643ರಲ್ಲಿ ಖಜಾನೆಯ ಚಾನ್ಸಲರ್ ಆದ, ಖಜಾನೆಯಲ್ಲಿ ದುಡ್ಡಿರಲಿಲ್ಲ ಅನ್ನುವುದು ಬೇರೆ ಮಾತು. ರಾಜನ ಕಡೆಯ ಸದಸ್ಯರನ್ನೆಲ್ಲ ಆಕ್ಸ್‌ಫರ್ಡ್‌ನಲ್ಲಿ ಸೇರಿಸಿ ಪ್ರತಿ-ಪಾರ್ಲಿಮೆಂಟು ನಡೆಸುವ ಉಪಾಯ ಅವನದೇ, 1644ರ ಜನವರಿಯಲ್ಲಿ ಅದು ನಡೆಯಿತು. ಸೋಲು ಖಚಿತವಾದಾಗ ಯುವರಾಜನ ಜೊತೆ ಪಶ್ಚಿಮಕ್ಕೆ, ಅಲ್ಲಿಂದ ಸಿಲ್ಲಿ ದ್ವೀಪಗಳಿಗೆ, ಆಮೇಲೆ ಜೆರ್ಸಿ ದ್ವೀಪಕ್ಕೆ ಓಡಿದ. ಯುವರಾಜನನ್ನು ತಾಯಿ ಫ್ರಾನ್ಸಿಗೆ ಕರೆಸಿಕೊಂಡಳು, ಇಂಗ್ಲೆಂಡಿನ ಯುವರಾಜ ಪರದೇಶದ ಹಂಗಿನಲ್ಲಿ ಇರಬಾರದೆಂದು ವಾದಿಸಿ ಸೋತ ಹೈಡ್ ಜೆರ್ಸಿಯಲ್ಲೇ ಉಳಿದು ಎರಡು ವರ್ಷ ಬರೆಯುತ್ತಾ ಕೂತ. 1649ರ ಜನವರಿ 30ರಂದು ರಾಜನ ತಲೆ ಹೋಯಿತು. ಮುಂದೆ 11 ವರ್ಷ ಮ್ಯಾಡ್ರಿಡ್, ಪ್ಯಾರಿಸ್, ಕೊಲೋನ್, ಬ್ರೂಜ್ ಅಂತ ಅಲೆದಾಟ. ಪ್ಯಾರಿಸ್ಸಿನ ಒಂದು ಚಳಿಗಾಲದಲ್ಲಿ ಅವನು ಬರೆದ ಕಾಗದದಲ್ಲಿ, ಈ ಚಳಿ ತಡೆಯಲು ನನ್ನ ಹತ್ತಿರ ಬಟ್ಟೆಯೂ ಇಲ್ಲ, ಬೆಂಕಿಯೂ ಇಲ್ಲ ಅಂತಿದೆ. ಬಾಲಬಡುಕರು ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಗೆದ್ದವರ ಮನೆ ಬಾಗಿಲಲ್ಲಿ ಇರುತ್ತಾರೆ.

1660ರಲ್ಲಿ ಅದೃಷ್ಟ ತಿರುಗಿತು. ಆ ಯುವರಾಜ, ಅಂದರೆ ಎರಡನೇ ಚಾರ್ಲ್ಸ್, ರಾಜನಾಗಿ ಮರಳಿ ಬರುವ ಮುಂಚೆ ಹೊರಡಿಸಿದ ಬ್ರೆಡಾ ಘೋಷಣೆಯ ಹಿಂದೆ ಇದ್ದದ್ದು ಹೈಡ್‌ನ ಕೈ. ಬಹುತೇಕ ಎಲ್ಲರಿಗೂ ಕ್ಷಮೆ, ಸೈನಿಕರಿಗೆ ಬಾಕಿ ಸಂಬಳ, ಧರ್ಮದ ವಿಷಯದಲ್ಲಿ ಮನಸ್ಸಾಕ್ಷಿಗೆ ಸ್ವಾತಂತ್ರ್ಯ. ಕ್ಷಮೆಯ ಮಾತನ್ನು ಅವನು ಗಟ್ಟಿಯಾಗಿ ಹಿಡಿದ. ಆಸ್ತಿ ಕಳೆದುಕೊಂಡ ರಾಜಪಕ್ಷದವರು ಸೇಡಿಗೆ ಕಾದಿದ್ದರು, ಅವರಲ್ಲಿ ಹಲವರಿಗೆ ಸಿಕ್ಕಿದ್ದು ಸೊನ್ನೆ. ರಾಜನ ಶತ್ರುಗಳಿಗೆ ಕ್ಷಮೆ, ಮಿತ್ರರಿಗೆ ಮರೆವು ಅಂತ ಆಡಿಕೊಂಡರು. ಹೈಡ್ ಈಗ ರಾಜಮುದ್ರೆ ಕಾಯುವ ಹಿರಿಯ ಮಂತ್ರಿ, ಅಂದರೆ ಲಾರ್ಡ್ ಚಾನ್ಸಲರ್, 1661ರಲ್ಲಿ ಕ್ಲಾರೆಂಡನ್‌ನ ಅರ್ಲ್. ಈ ನಡುವೆ ಮಗಳು ಆ್ಯನ್ ರಾಜನ ತಮ್ಮ ಜೇಮ್ಸ್‌ನನ್ನು ಗುಟ್ಟಾಗಿ ಮದುವೆಯಾಗಿದ್ದಳು, ತುಂಬು ಗರ್ಭಿಣಿ. ಬೇರೆ ಯಾವ ಅಪ್ಪನಾದರೂ ಒಳಗೊಳಗೇ ಹಿಗ್ಗುತ್ತಿದ್ದ. ಇವನು ಅವಳನ್ನು ಟವರ್ ಜೈಲಿಗೆ ಹಾಕಿ, ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿ ತಲೆ ತೆಗೆಯಿರಿ, ಮಸೂದೆ ನಾನೇ ಮಂಡಿಸುತ್ತೇನೆ ಅಂತ ಕೂಗಾಡಿದ. ಎಷ್ಟು ನಿಜ ಎಷ್ಟು ನಾಟಕ ಅಂತ ಆಗಲೂ ಜನ ಮಾತಾಡಿಕೊಂಡರು. ರಾಜನೇ ಸಮಾಧಾನ ಮಾಡಿದ. ಆ ಮಗಳ ಇಬ್ಬರು ಹೆಣ್ಣುಮಕ್ಕಳು, ಮೇರಿ ಮತ್ತು ಆ್ಯನ್, ಮುಂದೆ ಇಂಗ್ಲೆಂಡಿನ ರಾಣಿಯರಾದರು.

ಇಲ್ಲಿಯವರೆಗೆ ಅವನ ಪರ ವಕಾಲತ್ತು ಮಾಡಿದ್ದಾಯಿತು. ಇನ್ನು ಅಧಿಕಾರಕ್ಕೆ ಬಂದ ಮೇಲಿನ ಹೈಡ್ ನನಗೆ ಅಷ್ಟು ಇಷ್ಟವಾಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮನಸ್ಸಾಕ್ಷಿಯ ಸ್ವಾತಂತ್ರ್ಯದ ಮಾತು ಕೊಟ್ಟವನ ಆಡಳಿತದಲ್ಲೇ ಅದರ ಕತ್ತು ಹಿಸುಕುವ ನಾಲ್ಕು ಕಾಯ್ದೆಗಳು ಬಂದವು. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಒಗ್ಗದ ಹೆಚ್ಚುಕಡಿಮೆ 2000 ಪಾದ್ರಿಗಳು ಕೆಲಸ ಕಳೆದುಕೊಂಡರು. 1665ರ ಕಾಯ್ದೆಯ ಪ್ರಕಾರ ಅಂಥ ಪಾದ್ರಿ ತಾನು ಮೊದಲು ಕೆಲಸ ಮಾಡಿದ್ದ ಊರಿನ 5 ಮೈಲಿ ಒಳಗೆ ಕಾಲಿಡುವಂತಿಲ್ಲ! ಈ ಕಾಯ್ದೆಗಳಿಗೆಲ್ಲ ಅವನದೇ ಹೆಸರು ಅಂಟಿಕೊಂಡಿತು, ‘ಕ್ಲಾರೆಂಡನ್ ಕೋಡ್’ ಅಂತ. ಎಲ್ಲವೂ ಅವನೇ ಹೊಸೆದದ್ದಲ್ಲ, ಒಂದೆರಡು ಸಲ ಸಡಿಲಿಸಲೂ ನೋಡಿದ, ನಿಜ. ಆದರೆ ಹಠ ಹಿಡಿದು ತಡೆಯಲೂ ಇಲ್ಲ. ರಾಜ ತನ್ನ ಪ್ರೇಯಸಿ ಲೇಡಿ ಕ್ಯಾಸಲ್‌ಮೇನ್‌ಳನ್ನು ಹೊಸದಾಗಿ ಬಂದ ರಾಣಿಯ ಅಂತಃಪುರದ ಸೇವೆಗೇ ನೇಮಿಸಬೇಕು ಅಂದಾಗ, ಆ ಪ್ರೇಯಸಿಯ ಹೆಸರು ಕೇಳಿದರೇ ಉರಿದುಬೀಳುವ ಹೈಡ್ ಹೋಗಿ ರಾಣಿಯ ಮನವೊಲಿಸುವ ಕೆಲಸ ಮಾಡಿದ. ಇದೊಂದು ಜಾಗದಲ್ಲಿ ಮಾತ್ರ ನಿಮ್ಮ ಲೇಖಕರು ‘ಬಾಲಬಡುಕ’ ಅಂದರೆ ನಾನು ಸುಮ್ಮನಿರುತ್ತೇನೆ.

ಅವನನ್ನು ಕೆಳಗಿಳಿಸಿದ್ದು ಇದ್ಯಾವುದೂ ಅಲ್ಲ. ಡಚ್ಚರ ಜೊತೆಗಿನ ಯುದ್ಧ ಅವನಿಗೆ ಬೇಡವಾಗಿತ್ತು, 1667ರ ಜೂನ್‌ನಲ್ಲಿ ಡಚ್ಚರು ಮೆಡ್ವೇ ನದಿಗೇ ನುಗ್ಗಿ ಇಂಗ್ಲಿಷ್ ಹಡಗು ಸುಟ್ಟಾಗ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. ಪಿಕಡಿಲಿಯ ಅವನ ಹೊಸ ಬಂಗಲೆಯ ಕಿಟಕಿಗಳನ್ನು ಜನ ಒಡೆದರು, ಮುಂದಿನ ಮರ ಕಡಿದರು, ಗೇಟಿನ ಮೇಲೆ ಗಲ್ಲುಗಂಬದ ಚಿತ್ರ ಬಿಡಿಸಿದರು. ಡಂಕರ್ಕ್ ಪಟ್ಟಣವನ್ನು ಫ್ರಾನ್ಸಿಗೆ ಮಾರಿದ ದುಡ್ಡಿನಲ್ಲಿ ಕಟ್ಟಿಸಿದ್ದು ಅಂತ ಆ ಮನೆಗೆ ‘ಡಂಕರ್ಕ್ ಹೌಸ್’ ಅನ್ನುವ ಅಡ್ಡಹೆಸರು ಮೊದಲೇ ಇತ್ತು. ಅರಮನೆಯಲ್ಲಿ ಬಕಿಂಗ್‌ಹ್ಯಾಮ್‌ನ ಡ್ಯೂಕ್, ಚಾನ್ಸಲರ್‌ನ ಮುದ್ರೆಚೀಲದ ಬದಲು ಒಲೆ ಊದುವ ತಿದಿ ಹಿಡಿದು, ಮುಂದೆ ಒಬ್ಬನ ಕೈಗೆ ರಾಜದಂಡದ ಬದಲು ಕೆಂಡ ತೆಗೆಯುವ ಸಲಿಕೆ ಕೊಟ್ಟು, ಹೈಡ್‌ನ ನಡಿಗೆಯನ್ನು ಅಣಕಿಸಿ ರಾಜನನ್ನು ನಗಿಸುತ್ತಿದ್ದ. ಆಗಸ್ಟ್‌ನಲ್ಲಿ ಹೈಡ್‌ನ ಹೆಂಡತಿ ತೀರಿಕೊಂಡಳು. ಅದೇ ತಿಂಗಳ ಕೊನೆಗೆ ರಾಜ ಮುದ್ರೆ ವಾಪಸ್ ಇಸಿದುಕೊಂಡ. ದೇಶದ್ರೋಹದ ಮೊಕದ್ದಮೆಯ ಮಾತು ಬಂದಾಗ, ಸಂಧಿವಾತದ ಕಾಲೆಳೆದುಕೊಂಡು, ನವೆಂಬರ್ 29ರ ರಾತ್ರಿ ಫ್ರಾನ್ಸಿಗೆ ಹೊರಟುಹೋದ. ಮತ್ತೆ ಬರಲಿಲ್ಲ, ಬರಲು ಬಿಡಲಿಲ್ಲ. ಎವ್ರೂ ಎಂಬ ಊರಿನಲ್ಲಿ ಇಂಗ್ಲಿಷ್ ನಾವಿಕರೇ, ನಮ್ಮ ಸಂಬಳ ಕೊಡದವನು ಇವನೇ ಅಂತ ಕೋಣೆಗೆ ನುಗ್ಗಿ ಹೊಡೆದರು. 1674ರ ಡಿಸೆಂಬರ್ 9ರಂದು ರೂವಾನ್‌ನಲ್ಲಿ ತೀರಿಕೊಂಡ.

ಜೆರ್ಸಿಯಲ್ಲಿ ಶುರು ಮಾಡಿದ್ದ ಅಂತರ್ಯುದ್ಧದ ಇತಿಹಾಸವನ್ನು ಅವನು ಮುಗಿಸಿದ್ದು ಈ ಎರಡನೇ ವನವಾಸದಲ್ಲಿ. 1702ರಿಂದ 1704ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಅಚ್ಚಾಯಿತು. ನಿಮ್ಮ ಲೇಖಕರು ಅದರಿಂದ ಧಾರಾಳವಾಗಿ ಎತ್ತಿಕೊಂಡಿದ್ದಾರೆ, ಹಾಗಾಗಿ ಒಂದು ಮಾತು. 1640ರ ದಶಕದ ಕೊನೆಯಲ್ಲಿ ಬರೆದ ಭಾಗಗಳು ನೆನಪು ಹಸಿಯಾಗಿದ್ದಾಗಿನವು. 1668ರ ನಂತರ ಫ್ರಾನ್ಸಿನಲ್ಲಿ ಕೂತು ತನ್ನ ಜೀವನಚರಿತ್ರೆ ಬರೆದಾಗ ಅವನ ಹತ್ತಿರ ಕಾಗದಪತ್ರ ಇರಲಿಲ್ಲ, ಬರೀ ನೆನಪು. 1671ರಲ್ಲಿ ಮಗ ಹಳೆಯ ಹಸ್ತಪ್ರತಿ ತಂದುಕೊಟ್ಟ ಮೇಲೆ ಎರಡನ್ನೂ ಕತ್ತರಿಸಿ ಹೊಲಿದ. ಆ ಹೊಲಿಗೆಯಲ್ಲಿ ತಾರೀಖುಗಳು ತಪ್ಪಿವೆ, ಯಾರು ಮೊದಲು ಏನು ಹೇಳಿದರು ಅನ್ನುವುದೂ ಕೆಲವೆಡೆ ಅದಲುಬದಲಾಗಿದೆ. ಉಲ್ಲೇಖಿಸುವಾಗ ಯಾವ ಕಾಲದಲ್ಲಿ ಬರೆದ ಭಾಗ ಅಂತ ನೋಡಿಕೊಳ್ಳುವುದು ಒಳ್ಳೆಯದು. ಶತ್ರುಗಳ ಬಗ್ಗೆ ಬರೆಯುವಾಗ ಮಾತ್ರ ಅವನ ಬರಹ ಎಲ್ಲಕ್ಕಿಂತ ಚೆನ್ನಾಗಿದೆ. ಕ್ರಾಮ್‌ವೆಲ್‌ನನ್ನು ಧೀರನಾದ ಕೆಟ್ಟ ಮನುಷ್ಯ ಅನ್ನುತ್ತಾನೆ. ಬೈಯುವಾಗಲೂ ಅಳತೆ ತಪ್ಪಿಲ್ಲ.

ಮುಂದಿನ ಕಂತು 1660ರ ನಂತರದ್ದು ಅಂತ ಹಾಕಿದ್ದೀರಿ. ಅದರಲ್ಲಿ ಒಂದು ವಿಷಯ ಬಿಟ್ಟುಹೋಗದಿರಲಿ. 1667ರಲ್ಲಿ ಹೈಡ್ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ಜನರನ್ನು ವಿಚಾರಣೆಯಿಲ್ಲದೆ ದೂರದ ದ್ವೀಪಗಳಲ್ಲಿ ಕೂಡಿಹಾಕಿದ್ದಾನೆ, ಲಂಡನ್ನಿನ ಕೋರ್ಟಿನ ಕೈ ಅಲ್ಲಿಗೆ ಚಾಚದಿರಲಿ ಅಂತ. ಪಾರ್ಲಿಮೆಂಟಿನ ಹಳೆಯ ಸೇನಾಧಿಕಾರಿ ರಾಬರ್ಟ್ ಓವರ್ಟನ್ ವರ್ಷಗಟ್ಟಲೆ ಹಾಗೆ ಕೊಳೆತದ್ದು ಜೆರ್ಸಿಯಲ್ಲೇ, ಹೈಡ್ ಕೂತು ಇತಿಹಾಸ ಬರೆದ ದ್ವೀಪದಲ್ಲಿ. ಹಂಸವನ್ನು ಬಾತು ಅಂದವನ ಪರ ನಿಂತ ವಕೀಲನಿಗೆ ಇದು ತಪ್ಪು ಅಂತ ಯಾಕೆ ಹೊಳೆಯಲಿಲ್ಲವೋ! ಜನರನ್ನು ವಿಚಾರಣೆಯಿಲ್ಲದೆ ಕೂಡಿಹಾಕುವುದನ್ನು ತಡೆಯುವ 1679ರ ಹೇಬಿಯಸ್ ಕಾರ್ಪಸ್ ಕಾಯ್ದೆ ಜೆರ್ಸಿ, ಗರ್ನ್‌ಸಿ, ಟ್ಯಾಂಜಿಯರ್ ಅಂತ ಹೆಸರು ಹಿಡಿದು, ಕೈದಿಗಳನ್ನು ಅಂಥ ಕಡೆ ಸಾಗಿಸಬಾರದು ಅನ್ನುತ್ತದೆ. ಆ ಕಾಯ್ದೆಯನ್ನು ನಿಮ್ಮ ಲೇಖಕರು ಹೇಗೂ ಕೊಂಡಾಡುತ್ತಾರೆ. ಕೊಂಡಾಡುವಾಗ, ಆ ಸಾಲು ಅಲ್ಲಿಗೆ ಬಂದದ್ದರಲ್ಲಿ ಹೈಡ್‌ನ ಪಾಲೂ ಇದೆ ಅಂತ ಬರೆಯಲಿ.

ಇಂತಿ ನಿಮ್ಮ ಓದುಗ